ಹದಿನೆಂಟರಿಂದ ಒಂದಕ್ಕೆ

ಬಳಕೆ ತಪ್ಪಿದ ವಸ್ತುವಿನ ಭವಿತವ್ಯವು ಇಂದಿನ ದಿನಗಳಲ್ಲಿ ಬಹುಬೇಗ ನಿರ್ಣಯವಾಗಿಬಿಡುತ್ತದೆ. ಗುಜರಿಯವನ ಗಾಡಿ ಬೀದಿಗೆ ಬಂದುದೇ ತಡ, ಹಿತ್ತಿಲಿನ ಮೂಲೆಯಲ್ಲಿದ್ದುದೆಲ್ಲ ತಕ್ಕಡಿ ಏರುತ್ತದೆ. ಏರಿದ ಮೇಲೆ ಅದು ಏನಾಗಿದ್ದಿತು, ಇನ್ನು ಏನಾಗಬಹುದಾಗಿದ್ದಿತು ಎಂಬ ವಿಚಾರಕ್ಕೆ ಎಡೆಯಿಲ್ಲ. ಎಷ್ಟು ಕಿಲೋ ಎಂಬುದೊಂದೇ ಪ್ರಶ್ನೆ. ಈ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ತಕ್ಕಡಿ ಏರದೆ ಉಳಿದ ಒಂದು ಸೈಕಲ್ಲಿನ ವೃತ್ತಾಂತವನ್ನೇ ನಿವೇದಿಸುವುದು ಯೋಗ್ಯವೆಂದು ನನಗೆ ತೋರಿತು. ವಿಷಯವು ಅಲ್ಪವಾದುದು. ಆದರೆ ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಅದು ಹೊಸದೊಂದು ಪಾಠವಾಯಿತು. ನಮ್ಮ ಶಾಲೆಯ ವಿದ್ಯಾರ್ಥಿಗಳಿಗೂ ಅದರಲ್ಲಿ ಪಾಲುಂಟು.

ಸೈಕಲ್ಲು ನನ್ನ ಮಗಳದು. 2011ರಲ್ಲಿ ಅವಳು ಪ್ರೌಢಶಾಲೆಯಲ್ಲಿದ್ದಾಗ, ಗುಡ್ಡ ಹತ್ತುವ ಗೇರಿನ ಸೈಕಲ್ಲೇ ಬೇಕೆಂದು ಹಟ ಹಿಡಿದು ಕೊಂಡದ್ದು. ಹೆಣ್ಣುಮಕ್ಕಳಿಗೆ ಇಂಥ ಸೈಕಲ್ ಏಕೆಂದು ಬಂಧುಗಳಲ್ಲಿ ಕೆಲವರು ಕೇಳಿದರು. ಅವಳು ಉತ್ತರ ಕೊಡದೆ ಐದು ವರ್ಷ ತುಳಿದಳು. ದಪ್ಪ ಟಾಯರು, ನೇರವಾದ ಹ್ಯಾಂಡಲ್ಲು, ಮುಂದೆ ಮೂರು ಚೈನ್ ಚಕ್ರ, ಹಿಂದೆ ಆರು, ಒಟ್ಟು ಹದಿನೆಂಟು ಗೇರು. 2016ರಲ್ಲಿ ಅವಳು ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದ ಮೇಲೆ ಅದು ಪೇರಲ ಗಿಡದ ಕೆಳಗೆ ನಿಂತಿತು. ಧಾರವಾಡದ ಏಳು ಮಳೆಗಾಲಗಳನ್ನು ಅದು ಅಲ್ಲಿಯೇ ಕಂಡಿತು. "ಗುಜರಿಯಾಂವ ನಾನೂರು ರೂಪಾಯಿ ಕೊಡ್ತೀನಿ ಅಂತಾನ್ರಿ" ಎಂದು ಮನೆಯವರು ಎರಡು ಸಲ ಹೇಳಿದ್ದರು.

2023ರ ಬೇಸಗೆಯಲ್ಲಿ ವೈದ್ಯರು ನನಗೆ ಮಧುಮೇಹವೆಂದು ತಿಳಿಸಿದರು. ಔಷಧದ ಜೊತೆಗೆ ದಿನಕ್ಕೆ ಒಂದು ಗಂಟೆ ಮೈ ಬೆವರಬೇಕೆಂದೂ ಹೇಳಿದರು. ಮುಂಜಾನೆ ಮನೆಪಾಠ, ಸಂಜೆ ಉತ್ತರಪತ್ರಿಕೆಗಳ ಕಟ್ಟು. ಆ ಗಂಟೆಯನ್ನು ತರುವುದೆಲ್ಲಿಂದ? ನಮ್ಮ ಮನೆಯಿಂದ ಶಾಲೆಗೆ ಆರು ಕಿಲೋಮೀಟರು. ಸ್ಕೂಟರಿನ ಮೇಲೆ ಕುಳಿತು ಕಳೆಯುತ್ತಿದ್ದ ಹೊತ್ತನ್ನೇ ಬೆವರಿನ ಹೊತ್ತಾಗಿ ಮಾಡಿಕೊಂಡರೆ ಬೇರೆ ಗಂಟೆಯನ್ನು ಹುಡುಕಬೇಕಾಗಿಲ್ಲವೆಂದು ಹೊಳೆಯಿತು. ಆದಕಾರಣ ಪೇರಲ ಗಿಡದ ಕೆಳಗಿನ ಸೈಕಲ್ಲನ್ನು ತಳ್ಳಿಕೊಂಡು, ಮೂವತ್ತು ವರ್ಷಗಳಿಂದ ಬಲ್ಲ ಸೈಕಲ್ ಅಂಗಡಿಗೆ ಹೋದೆನು. ಅಂಗಡಿಯ ಹಿರಿಯರನ್ನು ಊರೆಲ್ಲ ಕಾಕಾ ಎಂದೇ ಕರೆಯುತ್ತದೆ. ಅವರು ಎಣ್ಣೆ ಹಾಕಿ, ಚೈನು ತಿರುಗಿಸಿ ನೋಡಿ ಹೇಳಿದರು: "ಸರ, ಫ್ರೇಮು ಗಟ್ಟಿ ಐತ್ರಿ. ಆದರ ಗೇರು ಬದಲಿಸೋ ಸಾಮಾನು ಪೂರಾ ಸವದೈತಿ. ಎಲ್ಲಾ ಹೊಸಾದು ಹಾಕಿದ್ರ ಮೂರೂವರಿ ಸಾವಿರ ಆಗ್ತೈತಿ. ಮತ್ತ ಎರಡು ವರ್ಷಕ್ಕ ಇದ ಪಾಡು."

ಎಲ್ಲ ಗೇರುಗಳನ್ನೂ ತೆಗೆದು ಒಂದೇ ಒಂದನ್ನು ಉಳಿಸಿದರೆ ಹೇಗೆ ಎಂದು ನಾನು ಕೇಳಿದೆನು. ಕಾಕಾ ನಕ್ಕರು. "ಒಂದನ್ನು ಇಡಬೋದ್ರಿ. ಯಾವ ಒಂದು, ಅದನ್ನ ನೀವು ಹೇಳಬೇಕು" ಎಂದರು. ಆ ಮಾತು ಇಡೀ ಕಾರ್ಯದ ತಿರುಳೆಂಬುದು ಮುಂದೆ ಕೆಲಸ ಸಾಗಿದಂತೆಲ್ಲ ನನಗೆ ಮನದಟ್ಟಾಯಿತು.

ಈ ಬಗೆಯ ಸೈಕಲ್ಲಿನ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳುವುದು ಅಪ್ರಸ್ತುತವಾಗಲಾರದು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರಿನ್ ಎಂಬ ಸೀಮೆಯಿದೆ. ಅಲ್ಲಿ ಟ್ಯಾಮಲ್ಪೈಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು 1930–40ರ ಕಾಲದ ಭಾರವಾದ, ದಪ್ಪ ಟಾಯರಿನ ಬೀದಿ ಸೈಕಲ್ಲುಗಳನ್ನು ಕಡಿಮೆ ಬೆಲೆಗೆ ಕೊಂಡು ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸಲಾರಂಭಿಸಿದರು. ಆ ಸೈಕಲ್ಲುಗಳಿಗೆ ಗೇರು ಒಂದೇ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು. 1976ರ ಅಕ್ಟೋಬರಿನಲ್ಲಿ ಅಲ್ಲಿ ಆರಂಭವಾದ ಇಳಿಜಾರಿನ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರಾಯಿತು. ಒಮ್ಮೆ ಇಳಿಯುವಷ್ಟರಲ್ಲಿ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗಿ, ಪ್ರತಿ ಸಲವೂ ಹೊಸದಾಗಿ ತುಂಬಬೇಕಾಗುತ್ತಿದ್ದುದೇ ಆ ಹೆಸರಿಗೆ ಕಾರಣ. ಇಳಿದವರು ಏರಲೂಬೇಕಲ್ಲವೆ? ಅದಕ್ಕಾಗಿ ಗ್ಯಾರಿ ಫಿಶರ್ ಮೊದಲಾದವರು ಹಳೆಯ ಸೈಕಲ್ಲುಗಳಿಗೆ ಗೇರುಗಳನ್ನು ಜೋಡಿಸಿದರು. 1977ರಲ್ಲಿ ಜೋ ಬ್ರೀಜ್ ಎಂಬವರು ಇದೇ ಕೆಲಸಕ್ಕೆಂದು ಹೊಸ ಫ್ರೇಮನ್ನೇ ಕಟ್ಟಿದರು. 1979ರಲ್ಲಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಕೂಡಿ 'ಮೌಂಟನ್‌ಬೈಕ್ಸ್' ಎಂಬ ವ್ಯಾಪಾರವನ್ನು ತೆರೆದರು. ಆ ಹೆಸರೇ ಜಗತ್ತಿನಲ್ಲೆಲ್ಲ ಉಳಿಯಿತು. ಎಂದ ಮೇಲೆ, ಬೆಟ್ಟದ ಸೈಕಲ್ಲು ಹುಟ್ಟಿದ್ದೇ ಹಳೆಯ ಒಂದೇ ಗೇರಿನ ಬೀದಿ ಸೈಕಲ್ಲಿನಿಂದ. ಅವರು ತಮ್ಮ ದಾರಿಗೆ ತಕ್ಕಂತೆ ಅದನ್ನು ಮಾರ್ಪಡಿಸಿಕೊಂಡರು. ನನ್ನ ದಾರಿಗೆ ತಕ್ಕಂತೆ ನಾನು ಅದನ್ನು ಮರಳಿ ಬೀದಿಗೆ ಕರೆತರುವುದರಲ್ಲಿ ಅಪಚಾರವೇನೂ ಇಲ್ಲವೆಂದು ಸಮಾಧಾನ ಹೊಂದಿದೆನು.

ಒಂದೇ ಗೇರೆಂಬುದು ನಮ್ಮ ನಾಡಿಗೆ ಹೊಸದೂ ಅಲ್ಲ. ನನ್ನ ತಂದೆಯವರ ಕರಿಯ ಸೈಕಲ್ಲಿಗೆ ಇದ್ದುದು ಒಂದೇ ಗೇರು. ಅದರ ಮೇಲೆಯೇ ಅವರು ಸಂತೆಯ ಚೀಲವನ್ನೂ ನನ್ನನ್ನೂ ಹೊತ್ತರು. ರಾಜ್ಯ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚಲು ಆರಂಭಿಸಿದ ಸೈಕಲ್ಲುಗಳೂ ಒಂದೇ ಗೇರಿನವು. ಆದರೆ ಅವುಗಳ ಗೇರನ್ನು ಆರಿಸಿದವನು ಕಾರ್ಖಾನೆಯವನು. ನನಗೆ ದೊರೆತ ಭಾಗ್ಯವೆಂದರೆ, ಹದಿನೆಂಟರಲ್ಲಿ ಒಂದನ್ನು ಸ್ವತಃ ಆರಿಸುವ ಅವಕಾಶ.

ಆರಿಸಬೇಕಾದರೆ ದಾರಿಯನ್ನು ಅರಿಯಬೇಕು. ಮಲೆನಾಡಿಗೂ ಬಯಲುಸೀಮೆಗೂ ನಡುವೆ ಇರುವ ನಮ್ಮ ಧಾರವಾಡವು ಏರಿಳಿತದ ಊರು; ಸ್ಕೂಟರಿನ ಮೇಲೆ ಹೋಗುವವನಿಗೆ ಇದು ತಿಳಿಯದು, ತುಳಿಯುವವನ ಮೊಣಕಾಲಿಗೆ ತಿಳಿಯುತ್ತದೆ. ಕಾಕಾ ಅವರು ಹಳೆಯ ಗೇರುಗಳನ್ನು ತಾತ್ಕಾಲಿಕವಾಗಿ ನಡೆಯುವಂತೆ ಮಾಡಿಕೊಟ್ಟರು. ಮೂರು ವಾರ ನಾನು ಅದೇ ಸ್ಥಿತಿಯಲ್ಲಿ ಶಾಲೆಗೆ ಹೋಗಿಬಂದು, ಯಾವ ತಿರುವಿನಲ್ಲಿ ಯಾವ ಗೇರು ಬೇಕಾಯಿತೆಂಬುದನ್ನು ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿಕೊಂಡೆನು. ಮುಂದಿನ ಚಕ್ರಗಳ ಹಲ್ಲುಗಳು 42, 34 ಮತ್ತು 24. ಹಿಂದಿನವು 14, 16, 18, 21, 24 ಮತ್ತು 28. ಮೂರು ವಾರಗಳ ಕೊನೆಗೆ ನೋಡಿದರೆ, 42ರ ದೊಡ್ಡ ಚಕ್ರವು ಬಂದುದು ಇಳಿಜಾರಿನಲ್ಲಿ ಮಾತ್ರ. ಅಲ್ಲಿ ತುಳಿಯುವ ಅಗತ್ಯವೇ ಇಲ್ಲ. 24ರ ಸಣ್ಣ ಚಕ್ರವು ಒಮ್ಮೆಯೂ ಬರಲಿಲ್ಲ. ನಡುವಿನ 34ರ ಜೊತೆಗೆ ಹಿಂದಿನ 16, 18, 21, ಈ ಮೂರರಲ್ಲಿಯೇ ನನ್ನ ಆರು ಕಿಲೋಮೀಟರು ಬಹುಪಾಲು ಮುಗಿಯುತ್ತಿದ್ದಿತು. ಕೊನೆಯ ಏರೊಂದರಲ್ಲಿ ಮಾತ್ರ ಹಿಂದಿನ 24 ಬೇಕೆನಿಸುತ್ತಿದ್ದಿತು.

ಈ ಲೆಕ್ಕವನ್ನು ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ಇಟ್ಟೆನು. ಅನುಪಾತದ ಲೆಕ್ಕಗಳನ್ನು ಅವರು ಚೆನ್ನಾಗಿಯೇ ಬಿಡಿಸಬಲ್ಲವರು; ಆದರೆ ತಾವು ದಿನವೂ ಏರಿ ಬರುವ ಸೈಕಲ್ಲಿನಲ್ಲಿ ಅನುಪಾತವು ಹಲ್ಲು ತೆರೆದು ಕುಳಿತಿದೆ ಎಂಬುದನ್ನು ಗಮನಿಸಿದವರು ಒಬ್ಬರೂ ಇರಲಿಲ್ಲ. ಹದಿನೆಂಟು ಭಾಗಾಕಾರಗಳನ್ನು ಹಲಗೆಯ ಮೇಲೆ ಮಾಡಿದೆವು. 42ನ್ನು 28ರಿಂದ ಭಾಗಿಸಿದರೂ 24ನ್ನು 16ರಿಂದ ಭಾಗಿಸಿದರೂ ಒಂದೂವರೆಯೇ ಬರುವುದನ್ನು ಕಂಡು ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಹಂಗಾದ್ರ ಹದಿನೆಂಟಲ್ರಿ ಸರ, ಹದಿನೇಳ!" ಎಂದಳು. 42ನ್ನು 24ರಿಂದ ಭಾಗಿಸಿದರೆ 1.75, 24ನ್ನು 14ರಿಂದ ಭಾಗಿಸಿದರೆ 1.71. ಕಾಲಿಗೆ ಈ ಎರಡರ ವ್ಯತ್ಯಾಸವೂ ತಿಳಿಯುವಂತಹದಲ್ಲ. ಅಂಗಡಿಯಲ್ಲಿ ಸಾರಿದ ಸಂಖ್ಯೆಯನ್ನು ಹೀಗೆ ಮಕ್ಕಳು ಒಂದೊಂದಾಗಿ ಕಡಿಮೆ ಮಾಡತೊಡಗಿದರು.

ಆಮೇಲೆ ವರಾಂಡದಲ್ಲಿ ಅಳತೆ ನಡೆಯಿತು. ಟಾಯರಿಗೊಂದು, ನೆಲಕ್ಕೊಂದು ಸೀಮೆಸುಣ್ಣದ ಗುರುತು ಹಾಕಿ, ಗಾಲಿಯನ್ನು ಒಂದು ಸುತ್ತು ಉರುಳಿಸಿದರೆ 2 ಮೀಟರು 6 ಸೆಂಟಿಮೀಟರು. 34ನ್ನು 18ರಿಂದ ಭಾಗಿಸಿದರೆ 1.89. ಎಂದರೆ ಪೆಡಲನ್ನು ಒಂದು ಸುತ್ತು ತುಳಿದಾಗ ಸೈಕಲ್ಲು 3 ಮೀಟರು 89 ಸೆಂಟಿಮೀಟರು ಮುಂದೆ ಹೋಗುತ್ತದೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ 14 ಕಿಲೋಮೀಟರು. ಮನೆಯಿಂದ ಶಾಲೆಗೆ 26 ನಿಮಿಷ. ಹೋಗಿಬರುವ ಹೊತ್ತು ಕೂಡಿದರೆ ವೈದ್ಯರ ಒಂದು ಗಂಟೆಗೆ ಎಂಟು ನಿಮಿಷ ಮಾತ್ರ ಕಡಿಮೆ. ಇದೇ ಲೆಕ್ಕವನ್ನು ಹಿಂದಿನ ಕಾಲದವರು ಇನ್ನೊಂದು ಬಗೆಯಲ್ಲಿ ಹೇಳುತ್ತಿದ್ದರು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆಯವರು ಎರಡು ಹೆಚ್ಚುಕಡಿಮೆ ಸಮಗಾಲಿಗಳ, ಚೈನಿನ ಸೈಕಲ್ಲನ್ನು ರೂಢಿಗೆ ತರುವ ಮೊದಲು, ಮುಂದಿನ ಎತ್ತರದ ಗಾಲಿಗೇ ಪೆಡಲು ಇರುತ್ತಿದ್ದಿತು. ಸವಾರನ ಕಾಲಿನ ಉದ್ದವೇ ಗಾಲಿಯ ಗಾತ್ರವನ್ನು ನಿರ್ಣಯಿಸುತ್ತಿದ್ದಿತು. ಚೈನು ಬಂದ ಮೇಲೆಯೂ ಗೇರನ್ನು ಆ ಗಾಲಿಯ ಅಂಗುಲಗಳಲ್ಲಿಯೇ ಅಳೆಯುವ ಪದ್ಧತಿ ಉಳಿಯಿತು. 26 ಅಂಗುಲದ ನಮ್ಮ ಗಾಲಿಯನ್ನು 1.89ರಿಂದ ಗುಣಿಸಿದರೆ 49 ಅಂಗುಲ. ನಾನು ತುಳಿಯುತ್ತಿರುವುದು, ಲೆಕ್ಕದ ಮಟ್ಟಿಗೆ, ಅಂಥ 49 ಅಂಗುಲದ ಗಾಲಿಯನ್ನು.

ಹೀಗೆ 34ಕ್ಕೆ 18 ಎಂದು ನಿಶ್ಚಯವಾಯಿತು. 18 ಹಲ್ಲಿನ ಫ್ರೀವ್ಹೀಲು ಸಾಧಾರಣ ಸೈಕಲ್ಲುಗಳಿಗೆ ಹಾಕುವಂತಹದೇ. ಯಾವ ಅಂಗಡಿಯಲ್ಲಿಯೂ ಸಿಗುತ್ತದೆ.

ಕೆಲಸದ ದಿನ ಮೊದಲು ಎದುರಾದುದು ಹಳೆಯ ಆರು ಚಕ್ರಗಳ ಫ್ರೀವ್ಹೀಲನ್ನು ಬಿಚ್ಚುವ ಕಷ್ಟ. ಅದು ಗಾಲಿಯ ಹಬ್ಬಿಗೆ ತಿರುಪಿನಂತೆ ಕೂಡಿರುತ್ತದೆ. ಸವಾರನು ಪೆಡಲನ್ನು ತುಳಿಯುವ ದಿಕ್ಕೂ ಆ ತಿರುಪು ಬಿಗಿಯುವ ದಿಕ್ಕೂ ಒಂದೇ ಆದುದರಿಂದ, ಪ್ರತಿಯೊಂದು ತುಳಿತದಿಂದಲೂ ಅದು ಇನ್ನಷ್ಟು ಬಿಗಿಯಾಗುತ್ತ ಹೋಗುತ್ತದೆ. ಬಿಚ್ಚುವ ಪಾನಾವನ್ನು ವೈಸಿನಲ್ಲಿ ಕಚ್ಚಿಸಿ, ಗಾಲಿಯನ್ನು ಅದರ ಮೇಲೆ ಮಲಗಿಸಿ, ಕಾಕಾ ಅವರೂ ನಾನೂ ಎರಡು ಬದಿಯಿಂದ ಟಾಯರನ್ನು ಹಿಡಿದು ಎಡಕ್ಕೆ ತಿರುಗಿಸಿದೆವು. ಅದು ಅಲುಗಲಿಲ್ಲ. ಸೀಮೆಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆವು. ಮೂರನೆಯ ಸಲ ಪಕ್ಕದ ಅಂಗಡಿಯ ಹುಡುಗನೂ ಕೈಗೂಡಿಸಿದ ಮೇಲೆ ಬಂದೂಕಿನಂತೆ ಸದ್ದು ಮಾಡಿ ಸಡಿಲವಾಯಿತು. ಕಾಕಾ ಬೆವರು ಒರೆಸಿಕೊಂಡು, "ನಿಮ್ಮ ಮಗಳ ಕಾಲಾಗ ಭಾಳ ಬಲ ಐತಿ ಬಿಡ್ರಿ" ಎಂದರು. ಐದು ವರ್ಷ ಅವಳು ಶಾಲೆಗೆ, ಕಾಲೇಜಿಗೆ, ಕೆಲಗೇರಿಯ ಕೆರೆಯ ದಂಡೆಗೆ ತುಳಿದ ತುಳಿತವೆಲ್ಲ ಆ ತಿರುಪಿನಲ್ಲಿ ಸೇರಿಕೊಂಡಿದ್ದಿತು. ಮೂವರು ಗಂಡಸರು ಕೂಡಿ ಅದನ್ನು ಬಿಚ್ಚಬೇಕಾಯಿತು. ಕೆಲವು ಕ್ಷಣ ನಾನು ಏನೂ ಮಾತನಾಡಲಿಲ್ಲ.

ಹೊಸ ಫ್ರೀವ್ಹೀಲು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗೇರಿನ ಸೈಕಲ್ಲಿನ ಚೈನು ಓರೆಯಾಗಿ ಓಡುವುದಕ್ಕೆ ಹೊಂದಿಕೊಂಡಿರುತ್ತದೆ. ಒಂದೇ ಗೇರಿನ ಚೈನು ಮುಂದಿನ ಹಲ್ಲಿನಿಂದ ಹಿಂದಿನ ಹಲ್ಲಿಗೆ ದಾರ ಹಿಡಿದಂತೆ ನೆಟ್ಟಗಿರಬೇಕು. ಓರೆಯಾದರೆ ಸದ್ದು, ಸವೆತ, ಕೊನೆಗೆ ಕಳಚಿಬೀಳುವುದು. ಹಿಂದೆ ಆರು ಚಕ್ರಗಳು ಆಕ್ರಮಿಸಿದ್ದ ಜಾಗ ಈಗ ತೆರವಾದುದರಿಂದ, ಕಾಕಾ ಅವರು ಆಕ್ಸಲಿನ ಬಲಗಡೆಯ ವಾಷರುಗಳನ್ನು ತೆಗೆದು ಎಡಗಡೆಗೆ ಹಾಕಿದರು. ಹಬ್ಬು ಬಲಕ್ಕೆ ಸರಿಯಿತು. ಅದರೊಡನೆ ರಿಮ್ಮೂ ಬಲಕ್ಕೆ ಬಂದಿತು. ರಿಮ್ಮನ್ನು ನಡುವಿಗೆ ತರಲು ಎಡಗಡೆಯ ಕಡ್ಡಿಗಳನ್ನು ಬಿಗಿದು ಬಲಗಡೆಯವನ್ನು ಸಡಿಲಿಸುತ್ತ, ಮೂವತ್ತಾರು ಕಡ್ಡಿಗಳನ್ನು ಬೆರಳಿನಿಂದ ತಟ್ಟಿ ನಾದ ಕೇಳುತ್ತ ಅವರು ಒಂದು ಗಂಟೆ ಕುಳಿತರು. ಗೇರಿನ ಸೈಕಲ್ಲಿನಲ್ಲಿ ಹಿಂದಿನ ಗಾಲಿಯ ಬಲಗಡೆಯ ಕಡ್ಡಿಗಳೇ ಹೆಚ್ಚು ಬಿಗಿತವನ್ನು ಹೊತ್ತಿರುತ್ತವೆ. ಈಗ ಎರಡೂ ಕಡೆಯ ಕಡ್ಡಿಗಳು ಭಾರವನ್ನು ಸರಿಸುಮಾರು ಸಮನಾಗಿ ಹೊರುವಂತಾಗಿ ಗಾಲಿಯು ಮೊದಲಿಗಿಂತ ಗಟ್ಟಿಯಾಯಿತು.

ಅದೃಷ್ಟವಶಾತ್ ಫ್ರೇಮಿನಲ್ಲಿ ಹಿಂದಿನ ಆಕ್ಸಲ್ ಕೂಡುವ ಸೀಳು ಅಡ್ಡಲಾಗಿದ್ದಿತು. ಆದಕಾರಣ ಗಾಲಿಯನ್ನು ಹಿಂದಕ್ಕೆ ಎಳೆದು ಚೈನನ್ನು ಬಿಗಿಗೊಳಿಸುವುದು ಸುಲಭವಾಯಿತು. ಸೀಳು ಕೆಳಮುಖವಾಗಿರುವ ಫ್ರೇಮಾಗಿದ್ದರೆ ಚೈನು ಬಿಗಿಗೊಳಿಸುವ ಬೇರೊಂದು ಸಾಧನ ಬೇಕಾಗುತ್ತಿದ್ದಿತು. ಇಂಥ ಕೆಲಸಕ್ಕೆ ಕೈಹಾಕುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಚೈನಿನ ಕೊಂಡಿಯ ಅಳತೆ ಗೇರಿನ ಸೈಕಲ್ಲಿಗೂ ಸಾಧಾರಣ ಸೈಕಲ್ಲಿಗೂ ಒಂದೇ, ಅರ್ಧ ಅಂಗುಲ. ವ್ಯತ್ಯಾಸವಿರುವುದು ಅಗಲದಲ್ಲಿ ಮಾತ್ರ. ಸಾಧಾರಣ ಸೈಕಲ್ಲಿನ ಅಗಲವಾದ ಚೈನು ಹಳೆಯ 34ರ ಹಲ್ಲಿಗೂ ಹೊಸ 18ರ ಹಲ್ಲಿಗೂ ಸರಿಯಾಗಿ ಕೂಡಿತು. ನಡುವೆ ಒತ್ತಿದರೆ ಅರ್ಧ ಅಂಗುಲ ಮೇಲೆ ಕೆಳಗೆ ಆಡುವಷ್ಟು ಸಡಿಲವನ್ನು ಬಿಟ್ಟು ನಟ್ಟುಗಳನ್ನು ಬಿಗಿದರು.

ತೆಗೆದ ಸಾಮಾನೆಲ್ಲವನ್ನೂ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಒಂದೂಕಾಲು ಕಿಲೋ. ಮಣ್ಣುದಾರಿಯ ಗುಬುಟು ಟಾಯರುಗಳ ಬದಲು ಡಾಂಬರಿಗೆ ತಕ್ಕ ನುಣುಪಾದ ಟಾಯರುಗಳು, ಮಳೆಗಾಲದ ಕೆಸರಿಗೆ ಉದ್ದನೆಯ ಮಡ್‌ಗಾರ್ಡುಗಳು, ಉತ್ತರಪತ್ರಿಕೆಗಳ ಕಟ್ಟಿಗೆ ಕ್ಯಾರಿಯರು, ಒಂದು ಗಂಟೆ, ಹಿಂದೆ ಕೆಂಪು ದೀಪ. ಎರಡೂ ಕೈಬ್ರೇಕುಗಳನ್ನು ಉಳಿಸಿ ರಬ್ಬರುಗಳನ್ನು ಮಾತ್ರ ಬದಲಿಸಿದೆವು. ಉಕ್ಕಿನ ರಿಮ್ಮು ನೆನೆದಾಗ ಬ್ರೇಕು ತಡವಾಗಿ ಹಿಡಿಯುತ್ತದೆಯಾದುದರಿಂದ ಮಳೆಯಲ್ಲಿ ನಿಧಾನವಾಗಿ ಹೋಗಬೇಕೆಂದು ಕಾಕಾ ಎಚ್ಚರಿಸಿದರು. ಕೂಲಿಯೂ ಸೇರಿ ಒಟ್ಟು ₹2,850 ಖರ್ಚಾಯಿತು. ಬಣ್ಣವನ್ನು ಮುಟ್ಟಲಿಲ್ಲ. ದೂರವಾಣಿಯಲ್ಲಿ ಒಪ್ಪಿಗೆ ಕೇಳಿದಾಗ ಮಗಳು, "ಏನ ಬೇಕಾದ್ರೂ ಮಾಡ್ರಿ ಅಪ್ಪಾ, ಬಣ್ಣ ಮಾತ್ರ ತೆಗೀಬ್ಯಾಡ್ರಿ" ಎಂದು ಷರತ್ತು ಹಾಕಿದ್ದಳು. ಪೇರಲ ಗಿಡದ ನೆರಳಿನಲ್ಲಿ ಮಾಸಿದ ಆ ನೀಲಿ ಹಾಗೆಯೇ ಇದೆ.

ಮೊದಲ ವಾರಗಳಲ್ಲಿ, ಮಾಸ್ತರರಿಗೆ ಏನು ಅಡಚಣೆ ಬಂದಿತೋ ಎಂದು ವಿಚಾರಿಸಿದವರುಂಟು. ಈಗ ಯಾರೂ ವಿಚಾರಿಸುವುದಿಲ್ಲ. ಸಕ್ಕರೆಯ ಪ್ರಮಾಣ ಹತೋಟಿಗೆ ಬಂದಿದೆ. ಔಷಧವೂ ನಡೆದಿರುವುದರಿಂದ ಯಶಸ್ಸೆಲ್ಲವನ್ನೂ ಸೈಕಲ್ಲಿಗೆ ಸಲ್ಲಿಸುವುದು ನ್ಯಾಯವಲ್ಲ. ಒಂದೇ ಗೇರು ಎಲ್ಲರಿಗೂ ಒಳ್ಳೆಯದೆಂದು ನಾನು ವಾದಿಸಲಾರೆ. ಕೊನೆಯ ಏರಿನಲ್ಲಿ ನಾನು ಎಷ್ಟೋ ದಿನ ಇಳಿದು ತಳ್ಳುತ್ತೇನೆ. ಎದುರುಗಾಳಿಯ ಆಷಾಢದಲ್ಲಿ ಇನ್ನೂ ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಮಡಿಕೇರಿಯಲ್ಲಿ ಇರುವವನಿಗೆ, ಭಾರ ಹೊರುವವನಿಗೆ, ಮೊಣಕಾಲು ನೋವಿನವನಿಗೆ ಗೇರುಗಳು ಬೇಕೇ ಬೇಕು. ನಾನು ಹೇಳಬಯಸುವುದು ಇಷ್ಟೆ: ಹದಿನೆಂಟು ಇದ್ದಾಗ ನನ್ನ ದಾರಿಯನ್ನು ನಾನು ಅರಿಯಬೇಕಾಗಿರಲಿಲ್ಲ. ಒಂದನ್ನು ಉಳಿಸಬೇಕಾದಾಗ ಅದರ ಏರು, ಇಳಿವು, ತಿರುವು, ನನ್ನ ಕಾಲಿನ ಬಲ, ವಯಸ್ಸು ಎಲ್ಲವನ್ನೂ ಅಳೆಯಬೇಕಾಯಿತು. ಅಳೆದು ತಿಳಿದುದು ಮರೆಯುವುದಿಲ್ಲ.

ಈ ಅಳತೆಗೆ ಬೆಲೆ ತಂದುಕೊಟ್ಟ ಕೈ ಕಾಕಾ ಅವರದು. ಅವರಿಗೆ ಎಪ್ಪತ್ತು ದಾಟಿದೆ. ಒಂದು ಕಣ್ಣಿನ ದೃಷ್ಟಿ ಮಂದವಾಗಿದೆ. ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ಅಂಗಡಿಯಲ್ಲಿ ಕಲಿಯುವ ಹುಡುಗನಿಲ್ಲ. ಕಡ್ಡಿಯ ನಾದದಿಂದ ಗಾಲಿಯ ನೆಟ್ಟಗನ್ನು ತಿಳಿಯುವ ವಿದ್ಯೆಯನ್ನು ಅವರು ಎಲ್ಲಿಯೂ ಬರೆದಿಟ್ಟಿಲ್ಲ. ಅದು ಬರೆದಿಡುವಂತಹದೂ ಅಲ್ಲ, ಪಕ್ಕದಲ್ಲಿ ಕುಳಿತು ಕಿವಿಗೊಟ್ಟು ಕಲಿಯಬೇಕಾದುದು. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಲ್ಲಿ ನಾಲ್ವರು ತಮ್ಮ ಮನೆಗಳಲ್ಲಿಯೂ ಇಂಥ ತುಕ್ಕು ಹಿಡಿದ ಗೇರಿನ ಸೈಕಲ್ಲುಗಳಿವೆ ಎಂದು ಬಂದು ಹೇಳಿದ್ದಾರೆ. ಶನಿವಾರ ಮಧ್ಯಾಹ್ನ ಎರಡು ಗಂಟೆಯ ಕಾಲ ಶಾಲೆಗೆ ಬಂದು ಕಲಿಸಲು ಕಾಕಾ ಅವರು ಸಂತೋಷದಿಂದ ಒಪ್ಪಿದ್ದಾರೆ. ಕರಕುಶಲ ವಿಭಾಗದ ಹಳೆಯ ಕೊಠಡಿ ಬೀಗ ಹಾಕಿಕೊಂಡು ನಿಂತಿದೆ. ಬೇಕಾದುದು ಒಂದು ಗಟ್ಟಿ ಮೇಜು, ಅದಕ್ಕೊಂದು ವೈಸು, ಒಂದು ಪೆಟ್ಟಿಗೆ ಪಾನಾಗಳು. ಆಡಳಿತ ಮಂಡಳಿಯವರೂ ಹಳೆಯ ವಿದ್ಯಾರ್ಥಿಗಳೂ ಈ ಕಡೆಗೆ ಮನಸ್ಸು ಕೊಡಬೇಕೆಂದು ವಿನಂತಿಸುತ್ತೇನೆ. ಕಾಕಾ ಅವರ ಇನ್ನೊಂದು ಕಣ್ಣು ಚೆನ್ನಾಗಿರುವಾಗಲೇ ಇದು ಆಗಬೇಕು.